ಮಗ್ಗದ ನಾಣ್ಯವನ್ನು ಅಕ್ಕ ತೊಳೆದ ದಿನ

ನಾನು ಚಿಕ್ಕವನಿದ್ದಾಗ ಅಕ್ಕ ಏನೂ ತಿಳಿಯದೆ ಒಂದು ಬೆಳ್ಳಿ ನಾಣ್ಯವನ್ನು ಉಜ್ಜಿ ಕೆಡಿಸಿದಳು ಅನ್ನುವ ಕಥೆಯನ್ನು ನೀವೂ ಕೇಳಿದ್ದೀರಿ. ಹಬ್ಬಕ್ಕೆ ನೆಂಟರು ಸೇರಿದಾಗಲೆಲ್ಲ ಯಾರಾದರೊಬ್ಬರು ಅದನ್ನು ಹೇಳಿ ನಗುತ್ತಾರೆ. ಅಕ್ಕನೂ ಜೊತೆಗೆ ನಗುತ್ತಾಳೆ. ಆದರೆ ಮಕ್ಕಳೇ, ಎಲ್ಲರೂ ಹೇಳುತ್ತಾರೆ ಅಂದಮಾತ್ರಕ್ಕೆ ನಾನು ಒಪ್ಪಬೇಕೇ? ಆ ದಿನ ನಾನು ಅಲ್ಲೇ ಇದ್ದೆ. ನಡೆದದ್ದನ್ನು ಹೇಳುತ್ತೇನೆ, ತೀರ್ಪು ನೀವು ಕೊಡಿ.

ಆಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅಂಗಡಿಗಳಿಗೆ ನಯಾ ಪೈಸೆ ಬಂದಿತ್ತು, ಜನ ಅದನ್ನು ಆಣೆಗೆ ಹೊಂದಿಸಿ ಹೊಂದಿಸಿ ಸುಸ್ತಾಗುತ್ತಿದ್ದರು. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ನಡುಮನೆಯಲ್ಲಿ ಅಪ್ಪನ ಮಗ್ಗ, ಮನೆ ತುಂಬ ಹಸಿ ರೇಷ್ಮೆಯ ವಾಸನೆ. ಸೀರೆಯ ಅಂಚಿನ ಎಳೆಗಳು ಸಡಿಲವಾಗದಿರಲೆಂದು ಅಪ್ಪ ಅವಕ್ಕೆ ಸಣ್ಣ ಸಣ್ಣ ಭಾರ ಕಟ್ಟಿ ಇಳಿಬಿಡುತ್ತಿದ್ದ. ಅದರಲ್ಲೊಂದು ಅವನ ತಾತನ ಕಾಲದ ಬೆಳ್ಳಿ ನಾಣ್ಯ. ಎಣ್ಣೆ, ಹೊಗೆ, ಧೂಳು ಕೂತು ಕಪ್ಪಾಗಿತ್ತು. ಮಗ್ಗ ಆಡಿದಾಗಲೆಲ್ಲ ಪಕ್ಕದ ಕಬ್ಬಿಣದ ಗೂಟಕ್ಕೆ ತಾಗಿ ‘ಟಿಣ್’ ಅನ್ನುತ್ತಿತ್ತು.

ಒಳಕೋಣೆಯಲ್ಲಿ ಅಜ್ಜಿ ಇರುತ್ತಿದ್ದಳು, ಅಪ್ಪನ ತಾಯಿ. ಕಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಟಿಣ್, ಟಿಣ್ ಕೇಳುತ್ತಿರುವಷ್ಟು ಹೊತ್ತು ನಿಶ್ಚಿಂತೆಯಿಂದ ಗೋಡೆಗೊರಗಿ ಕೂತಿರುತ್ತಿದ್ದಳು. ಮಗ ಕೆಲಸದಲ್ಲಿದ್ದಾನೆ, ಚೆನ್ನಾಗಿದ್ದಾನೆ ಎಂದು ಅವಳಿಗೆ ಹೇಳುತ್ತಿದ್ದುದು ಆ ಸದ್ದೇ.

ಒಂದು ಬೆಳಿಗ್ಗೆ ಸೀರೆ ಕೊಳ್ಳಲು ಮೈಸೂರಿನಿಂದ ಒಬ್ಬರು ಬಂದರು. ಹಳೆಯ ನಾಣ್ಯ ಕೂಡಿಡುವ ಹುಚ್ಚು ಅವರಿಗೆ. ಸದ್ದು ಕಿವಿಗೆ ಬಿದ್ದದ್ದೇ ಸೀರೆ ಮರೆತು ಮಗ್ಗದ ಕೆಳಗೆ ಬಗ್ಗಿದರು. ಅಪ್ಪ ದಾರ ಬಿಚ್ಚಿ ಕೊಟ್ಟ. ಅವರು ಭೂತಗನ್ನಡಿ ಹಿಡಿದು ಅಂಚನ್ನೆಲ್ಲ ಸುತ್ತ ನೋಡಿದರು. ಅಚ್ಚಿಗೆ ಹೊಯ್ದು ಮಾಡಿದ ನಕಲಿಯಾದರೆ ಅಲ್ಲೊಂದು ಗೆರೆ ಇರುತ್ತದಂತೆ. ಪುಟ್ಟ ತಕ್ಕಡಿಯಲ್ಲಿ ತೂಗಿದರು. ಕೊನೆಗೆ ಜಗಲಿಯ ಕಲ್ಲಿನ ಮೇಲೆ ಮೆಲ್ಲಗೆ ಬಿಟ್ಟರು. ಟಿಣ್ಣ್ ಎಂದು ಉದ್ದಕ್ಕೆ ನುಡಿಯಿತು. ಅಸಲಿ.

ಒಳಗಿನಿಂದ ಅಜ್ಜಿಯ ದನಿ ಬಂತು: “ಒಂದೇ ಏಟ್ಗೆ ನಿಲ್ಸ್‌ಬುಟ್ಯಲ್ಲ, ಯಾಕ್ಲಾ ಮಗ? ಮೈ ಉಸಾರಿಲ್ವಾ?”

“ಏನಿಲ್ಲ ಕಣವ್ವ,” ಅಂದ ಅಪ್ಪ. ಅತಿಥಿಗೆ ನೀರು ಕೊಡಲು ಚೊಂಬು ಹಿಡಿದು ನಿಂತಿದ್ದ ಅಕ್ಕ ಒಳಬಾಗಿಲ ಕಡೆಗೇ ನೋಡುತ್ತಿದ್ದಳು.

ಅವರು ಹೇಳಿದ ಬೆಲೆಗೆ ಮಗ್ಗದ ಮೇಲಿನ ಸೋರುವ ಮಾಡಿಗೆ ಪೂರಾ ಹೊಸ ಹೆಂಚು ಹೊದಿಸಬಹುದಿತ್ತು. ಅಪ್ಪನಿಗೆ ಅದೇ ದೊಡ್ಡ ಚಿಂತೆ. ಮಳೆ ಬಂದರೆ ರೇಷ್ಮೆ ಹಾಳು. ಸಂಜೆ ದುಡ್ಡು ತರುತ್ತೇನೆಂದು ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು: “ಇದನ್ನ ತೊಳೀಬೇಡಿ ಕಣ್ರೀ, ಉಜ್ಜಲೂಬೇಡಿ. ಈ ಕಪ್ಪು ಹೋದ್ರೆ ಬೆಲೇನೂ ಹೋಯ್ತು.” ಅಪ್ಪ ನಾಣ್ಯವನ್ನು ಗೋಡೆಯ ಗೂಡಿನಲ್ಲಿಟ್ಟು ಆಗಲೇ ಹೆಂಚು ವಿಚಾರಿಸಲು ಹೊರಟ.

ಸಂಜೆ ಅವರು ಬಂದಾಗ ನಾಣ್ಯ ತಂದದ್ದು ಅಕ್ಕ. ತಟ್ಟೆಯಲ್ಲಿ ಹೊಸ ಚಮಚದ ಹಾಗೆ ಫಳಫಳ ಹೊಳೆಯುತ್ತಿತ್ತು. ಅವಳ ಉಗುರಿನ ಸಂದಿಯಲ್ಲಿ ಹುಣಸೆಹಣ್ಣು, ಮೊಣಕೈವರೆಗೂ ಒಲೆ ಬೂದಿ.

“ಏನವ್ವಾ ಮಾಡ್ದೆ?” ಅಪ್ಪನ ದನಿಯೇ ಬಿದ್ದುಹೋಗಿತ್ತು.

“ಕೊಳೆ ಇತ್ತು ಕಣಪ್ಪ. ತೊಳ್ದೆ.”

ಬಂದವರು ಭೂತಗನ್ನಡಿಯಲ್ಲಿ ನೋಡಿ, ಮೈತುಂಬ ಗೀರು ಬಿದ್ದಿದೆ, ಇನ್ನು ಬರಿಯ ಬೆಳ್ಳಿಯ ತೂಕಕ್ಕೆ ಅಷ್ಟೇ ಎಂದು ತಲೆಯಾಡಿಸಿ ಹೊರಟುಹೋದರು. ಅಪ್ಪ ಅಕ್ಕನಿಗೆ ಸಾಕಾಗುವಷ್ಟು ಬೈದ. ಆಮೇಲೆ ನಾಣ್ಯವನ್ನು ಇದ್ದ ಜಾಗಕ್ಕೇ ಕಟ್ಟಿದ. ಟಿಣ್. “ಬಂದ್ಯಾ ಮಗ?” ಅಂದಳು ಅಜ್ಜಿ. ಆ ಮಳೆಗಾಲವೆಲ್ಲ ಅಪ್ಪ ಹಳೆಯ ಟಾರ್ಪಾಲಿನ ಕೆಳಗೆ ನೇಯ್ದ. ಮೇಲೆ ಮಳೆ ಪಟಪಟ, ಕೆಳಗೆ ಟಿಣ್ ಟಿಣ್.

ಈಗ ನನ್ನ ವಾದ. ಮೈಸೂರಿನವರು ತೊಳೆಯಬೇಡಿ ಅಂದಾಗ ಅಕ್ಕ ಅವರ ಪಕ್ಕದಲ್ಲೇ ನಿಂತಿದ್ದಳು. ಅವಳ ಕಿವಿಗೇನೂ ಕಡಿಮೆಯಿರಲಿಲ್ಲ, ನಾನು ಹಿತ್ತಲಲ್ಲಿ ಬೆಲ್ಲ ಕಡಿದರೂ ಅಡುಗೆಮನೆಯಲ್ಲಿ ಅವಳಿಗೆ ಕೇಳುತ್ತಿತ್ತು. ಇನ್ನೊಂದು, ಹುಣಸೆಹಣ್ಣು ಮುಟ್ಟಿದ ಕೈಯಲ್ಲಿ ನಾನು ಸೀರೆಯ ಬೆಳ್ಳಿ ಜರಿಯ ಹತ್ತಿರ ಹೋದರೆ ಕೈಮೇಲೆ ಪಟ್ಟಂತ ಹೊಡೆಯುತ್ತಿದ್ದವಳು ಅವಳೇ. ಹುಳಿ ಬೆಳ್ಳಿಗೆ ಏನು ಮಾಡುತ್ತದೆಂದು ಅಂಥವಳಿಗೆ ತಿಳಿಯದೇ? ಚಿಕ್ಕ ಹುಡುಗಿ, ಮರೆತಳು ಅನ್ನುತ್ತಾರೆ. ಮರೆತವಳು ಮಾಡಿದ ಕೆಲಸ ಅದಲ್ಲ.

ನಿಮಗೆ ಈಗ ಹಳೆಯ ನಾಣ್ಯ ಸಿಕ್ಕರೆ ಮೊಬೈಲಿನಲ್ಲಿ ಫೋಟೋ ಹಿಡಿದು ಕೂತಲ್ಲೇ ಬೆಲೆ ಹುಡುಕುತ್ತೀರಿ. ಅಮ್ಮನ ಕರೆಗೊಂದು ಹಾಡು, ಅಪ್ಪನ ಕರೆಗೊಂದು ಹಾಡು ಇಟ್ಟುಕೊಂಡಿದ್ದೀರಿ, ನೋಡದೆಯೇ ಯಾರೆಂದು ಗೊತ್ತಾಗುತ್ತದೆ. ನಮ್ಮ ಅಜ್ಜಿಗೆ ಇದ್ದದ್ದು ಆ ಒಂದು ಟಿಣ್.

ಮಗ್ಗ ಯಾವತ್ತೋ ಹೋಯಿತು. ನಾಣ್ಯ ಯಳಂದೂರಿನಲ್ಲಿ ಅಕ್ಕನ ಮನೆಯಲ್ಲಿದೆ, ಮತ್ತೆ ಕಪ್ಪಾಗಿದೆ. ಮೊನ್ನೆ ಹೋದಾಗ ಅದನ್ನು ಅವಳ ಅಂಗೈಯಲ್ಲಿಟ್ಟು ಕೇಳಿದೆ: “ಎಲ್ರೂ ನಗೋವಾಗ ನೀನೂ ನಗ್ತೀಯಲ್ಲಕ್ಕ. ನಿಜ ಯೋಳು, ಅವತ್ತು ಗೊತ್ತಿದ್ದೇ ತಾನೇ ಉಜ್ಜಿದ್ದು?”