ಸಾಲಿನ ಕೊನೆಯ ಗಂಟೆ

ಟೈಪ್‌ರೈಟರಿನಲ್ಲಿ ನಾಲ್ಕೈದು ಸಾಲು ಹೊಡೆದಿದ್ದೆ. ಪ್ರತಿ ಸಾಲಿನ ಕೊನೆಗೂ ಅದರ ಗಂಟೆ ‘ಟಿಣ್’ ಎನ್ನುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ವಯಸ್ಸಾದ ತಾಯಿಯೊಬ್ಬರು ಚಹಾ ಹಿಡಿದು ಬಂದರು.

“ತಗೋ ಯಪ್ಪಾ, ಆರ್ತದ” ಎಂದವರು ನನ್ನ ಮುಖ ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

ಎಂಬತ್ತರ ದಶಕದ ಮಾತು. ಶಾಲೆಯ ಪ್ರಶ್ನೆಪತ್ರಿಕೆಗೆಂದು ಅಪರೂಪಕ್ಕೆ ಬೇಕಾಗುವ ಯಂತ್ರ, ಹೊಸದೇಕೆಂದು ಮಾನ್ವಿಯಿಂದ ದೇವದುರ್ಗದ ಆ ಮನೆಗೆ ಮಾರಾಟಕ್ಕಿದ್ದ ಹಳೆಯದನ್ನು ನೋಡಲು ಹೋಗಿದ್ದೆ. ಬಳಸದೆ ಇಟ್ಟಿದ್ದರೆ ರಿಬ್ಬನ್ ಒಣಗಿರುತ್ತದೆ ಎಂದು ಪರೀಕ್ಷಿಸುತ್ತಿದ್ದೆ.

ಅವರ ಸೊಸೆ ಓಡಿಬಂದು ಚಹಾ ಇಸಿದುಕೊಂಡು ನನ್ನ ಮುಂದಿಟ್ಟು, ಅತ್ತೆಯನ್ನು ಒಳಗೆ ಕೂರಿಸಿ ಬಂದರು.

“ನಮ್ಮನಿಯವರು ಇದರ ಮ್ಯಾಲೆ ಅರ್ಜಿ ಟೈಪ್ ಮಾಡ್ತಿದ್ರು. ಗಂಟಿ ಕೇಳಿದ್ರ ಅತ್ತಿ ಚಾ ಇಡ್ತಿದ್ರು. ಮಗ ತೀರಿಕೊಂಡದ್ದು ಒಮ್ಮೊಮ್ಮಿ ಅವರಿಗೆ ನೆನಪಿರಂಗಿಲ್ರಿ. ಅದಕ್ಕ ಕೊಡಾಕತ್ತೀವಿ, ಒಯ್ದುಬಿಡ್ರಿ.”

ಆ ಚಹಾ ಕುಡಿದೇ ಎದ್ದೆ.

ಯಂತ್ರ ಇಂದಿಗೂ ನನ್ನಲ್ಲಿದೆ. ಕೀಲಿಗಳು ಜಂಗು ಹಿಡಿಯದಿರಲೆಂದು ಆಗಾಗ ಒಂದೆರಡು ಸಾಲು ಹೊಡೆಯುತ್ತೇನೆ. ಆದರೆ ಗಂಟೆ ಬಾರಿಸುವ ಮೊದಲೇ ಸಾಲು ನಿಲ್ಲಿಸಿ, ಕಾಗದ ಹಿಡಿದ ಕ್ಯಾರೇಜನ್ನು ಹಿಂದಕ್ಕೆ ತಳ್ಳಿಬಿಡುತ್ತೇನೆ.