ಬೆಚ್ಚಗಿನ ಔಡಲೆಣ್ಣೆ

ನೆನೆಸಿದ ಮೆಂತ್ಯದ ವಾಸನೆ ನಿಮಗೆ ಹಿಡಿಸುತ್ತದೆಯೋ ಇಲ್ಲವೋ ನಾನರಿಯೆ. ನನಗಂತೂ ಅದು ಮೂಗಿಗೆ ಬಡಿದರೆ ಸಾಕು, ಎಡಗೈ ತಾನಾಗಿಯೇ ಹಿಂಗತ್ತಿಗೆ ಹೋಗುತ್ತದೆ. ಹೋಗಿ ಕೂದಲೊಳಗೆ ಏನನ್ನೋ ತಡಕುತ್ತದೆ. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೆಳಗಿಳಿಯುತ್ತದೆ. ಈಗ ಅಲ್ಲಿರುವುದು ಹಿಡಿ ತುಂಬದ ಬಿಳಿ ಕೂದಲು, ತಡಕಲಿಕ್ಕೆ ಏನು ಉಳಿದಿದೆ ಮುದುಕಿ ಎಂದು ನೀವು ನಗಬಹುದು. ನಗಿರಿ. ನನ್ನ ಕೈಗೆ ವಯಸ್ಸಾದದ್ದು ಇನ್ನೂ ತಿಳಿದಿಲ್ಲ.

ಇವತ್ತು ಮುಂಜಾನೆ ಮೊಮ್ಮಗಳು ಬಟ್ಟಲು ತುಂಬ ಮೆಂತ್ಯ ರುಬ್ಬಿಕೊಂಡು ಬಂದು ನನ್ನ ಮುಂದೆ ಕೂತಳು. "ಅಜ್ಜಿ, ನನ್ನ ಕೂದಲಾ ಒಣಗಿ ಕಸಬರಿಗಿ ಆಗ್ಯಾವ. ನೀನ ಹಚ್ಚು" ಎಂದಳು. ನನ್ನ ಕೈ ಎಂದಿನಂತೆ ಹಿಂಗತ್ತಿಗೆ ಓಡಿತು. "ನಿಮ್ಮವ್ವಗ ಹೇಳು, ನನಗ ಕೈ ನೋವು" ಎಂದು ಹಸಿ ಸುಳ್ಳು ಹೇಳಿ ಅವಳನ್ನು ಸಾಗಹಾಕಿದೆ. ಮುಖ ಸಣ್ಣದು ಮಾಡಿಕೊಂಡು ಹೋಯಿತು ಪಾಪ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ನಾನು ಹುಟ್ಟಿ ಬೆಳೆದದ್ದು ಮಸ್ಕಿಯಲ್ಲಿ. ಈ ಮಾತಿನ ಹೊತ್ತಿಗೆ ನಿಜಾಮನ ಆಡಳಿತ ಹೋಗಿ ಎರಡು ಮೂರು ವರ್ಷವಾಗಿದ್ದೀತು. ಅಪ್ಪ ಎತ್ತಿನ ಬಂಡಿ ಹೊಡೆದುಕೊಂಡು ಸಿಂಧನೂರಿನ ಕಡೆ ಕಾಲುವೆಯ ಮಣ್ಣು ಸಾಗಿಸಲು ಹೋಗಿದ್ದ. ಮನೆಯಲ್ಲಿ ನಾನು, ಅವ್ವ ಮತ್ತು ಆಯಿ, ಅಂದರೆ ಅಪ್ಪನ ತಾಯಿ. ನನಗೆ ಒಂಬತ್ತೋ ಹತ್ತೋ. ಆ ವರ್ಷ ನನಗೆ ವಿಷಮಜ್ವರ ಬಂತು. ಲಿಂಗಸುಗೂರಿನ ದವಾಖಾನೆಯ ಕೆಂಪು ಔಷಧ ಕುಡಿಸಿದರೂ ಜ್ವರ ಇಳಿಯಲಿಲ್ಲ. ಒಂದು ದಿನ ನಾನು ಕಣ್ಣೇ ತೆರೆಯದಾದಾಗ ಆಯಿ ದೇವರ ಜಗಲಿಯ ಮುಂದೆ ಸೆರಗೊಡ್ಡಿ ಕೂತಳಂತೆ. "ತಾಯಿ ಎಲ್ಲವ್ವಾ, ಈ ಕೂಸನ್ನ ಉಳಿಸವ್ವಾ. ಉಳದರ ಇದು ನಿಂದು."

ಉಳಿದೆ. ಉಳಿದದ್ದೇ ಫಜೀತಿಯಾಯಿತು ನೋಡಿ.

ವಾರಗಟ್ಟಲೆ ಹಾಸಿಗೆ ಹಿಡಿದವಳ ತಲೆ ಎಣ್ಣೆ, ಹಣಿಗೆ ಕಂಡಿರಲಿಲ್ಲ. ಕೂದಲು ಜೋಳದ ಸೊಪ್ಪೆಯ ಹಾಗೆ ಒಣಗಿತ್ತು. ಹಾಸಿಗೆಗೆ ಉಜ್ಜಿ ಉಜ್ಜಿ ಹಿಂಗತ್ತಿನ ಮೇಲೆ ಅಡಿಕೆಯಷ್ಟು ಒಂದು ಗಂಟು ಬಿದ್ದಿತ್ತು. ಬೇರೆ ಕಡೆಯಾದರೆ ತಾಯಿ ಬೈಯುತ್ತ ಕತ್ತರಿ ಹಾಕುತ್ತಾಳೆ, ಅಲ್ಲಿಗೆ ಮುಗಿಯಿತು. ಆಗ ನಮ್ಮ ಕಡೆ ಹಾಗಿರಲಿಲ್ಲ. ಹೆಣ್ಣುಮಗಳ ಕೂದಲು ಗಂಟುಗಟ್ಟಿ ಜಡೆಯಾದರೆ ಎಲ್ಲವ್ವ ಬಂದು ಕೂತಳೆಂದೇ ಅರ್ಥ. ಅದಕ್ಕೆ ಕತ್ತರಿ ತಾಗಿಸುವಂತಿಲ್ಲ. ಆ ಹುಡುಗಿಗೆ ಮುತ್ತು ಕಟ್ಟಿ ದೇವಿಗೆ ಬಿಡಬೇಕು. ಬಿಟ್ಟ ಮೇಲೆ ಅವಳಿಗೆ ಮದುವೆಯಿಲ್ಲ, ತನ್ನದೆಂಬ ಮನೆಯಿಲ್ಲ. ಹಣೆ ತುಂಬ ಭಂಡಾರ ಬಡಿದುಕೊಂಡು ಊರೂರು ತಿರುಗಿ ಬೇಡಿ ಉಣ್ಣಬೇಕು.

ಆಯಿ ಆ ಗಂಟನ್ನು ಮುಟ್ಟಿ ನೋಡಿ ಕೈ ಮುಗಿದಳು. "ಹರಕಿ ನೆನಪ ಮಾಡ್ಯಾಳ ತಾಯಿ. ಇದಕ್ಕ ಹಣಗಿ ಹಾಕಬ್ಯಾಡ" ಎಂದು ಅವ್ವನಿಗೆ ಹೇಳಿದಳು. ಆಯಿ ಕೆಟ್ಟವಳಲ್ಲ. ನನಗೆ ಉಣಿಸದೆ ತಾನೊಂದು ತುತ್ತು ಉಂಡವಳಲ್ಲ. ಕೊಟ್ಟ ಮಾತಿಗೆ ತಪ್ಪಿದರೆ ಜ್ವರ ತಿರುಗಿ ಬಂದು ನನ್ನನ್ನು ಒಯ್ದೀತೆಂದು ಅವಳಿಗೆ ಭಯ. ಅವ್ವನಿಗೆ ನಾನು ಬದುಕಿದ್ದೂ ಕೈತಪ್ಪುತ್ತೇನೆಂಬ ಭಯ. ಇಬ್ಬರೂ ನನ್ನ ಹಿಂಗತ್ತನ್ನು ನೋಡಿ ನೋಡಿ ಬಡವಾದರು. ನನಗೋ, ಬೆನ್ನ ಹಿಂದೆ ಯಾರೋ ಕೂತಿದ್ದಾರೆಂದು ಹೊರಳಿ ನೋಡುವ ಚಟ ಹತ್ತಿತು.

"ಬರೋ ಮಂಗಳಾರ ಹುಲಿಗೆವ್ವ ಬರ್ತಾಳ. ಆಕಿ ಹೌದಂದ್ರ ಹೌದು" ಎಂದು ಆಯಿ ತೀರ್ಮಾನಿಸಿದಳು. ಹುಲಿಗೆವ್ವ ನಮ್ಮ ಓಣಿಗೆ ಬರುತ್ತಿದ್ದ ಜೋಗತಿ. ತಲೆಯ ಮೇಲೆ ದೇವಿಯ ಬುಟ್ಟಿ, ಸೊಂಟದವರೆಗೆ ಹಗ್ಗದಂಥ ಜಡೆ.

ಆಯಿ ಮಧ್ಯಾಹ್ನ ಅಡ್ಡಾದಳೆಂದರೆ ಅವ್ವ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಬಾಗಿಲಿಗೆ ಗೋಣಿ ಇಳಿಬಿಡುತ್ತಿದ್ದಳು. ಮೊದಲು ಗಾಣದ ಔಡಲೆಣ್ಣೆ, ನೀವು ಹರಳೆಣ್ಣೆ ಅನ್ನುತ್ತೀರಲ್ಲ, ಅದು. ಆಮೇಲೆ ಹುಳಿ ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿದ ಮೆಂತ್ಯ. ಅದಕ್ಕೂ ಜಗ್ಗದಿದ್ದಾಗ ದಾಸವಾಳದ ಎಲೆ ಕಿವುಚಿದಳು, ಲೋಳೆಸರ ಸೀಳಿ ತಿಕ್ಕಿದಳು. ಆಯಿಯ ಮೂಗು ನಶ್ಯಕ್ಕೆ ಮೀಸಲಾಗಿದ್ದರಿಂದ ಅವಳಿಗೆ ವಾಸನೆ ತಿಳಿಯುವುದಿಲ್ಲವೆಂದು ನಮ್ಮ ಧೈರ್ಯ. ಓಣಿಯ ನಾಯಿಗೆ ಮಾತ್ರ ತಿಳಿದಿತ್ತು. ಮಜ್ಜಿಗೆಯ ಆಸೆಗೆ ಅದು ನನ್ನ ಬೆನ್ನು ಬಿಡುತ್ತಿರಲಿಲ್ಲ. ನಮ್ಮ ಬಾವಿಯ ನೀರು ಸವಳು, ತೊಳೆದಷ್ಟೂ ಕೂದಲು ಬಿರುಸಾಗುತ್ತಿತ್ತು. ಅದಕ್ಕೇ ಅವ್ವ ಹಳ್ಳದ ಉಸುಕಿನಲ್ಲಿ ವರತೆ ತೋಡಿ ಸಿಹಿನೀರು ಹೊತ್ತು ತಂದಳು.

ಗಂಟು ಬಿಚ್ಚಲಿಲ್ಲ. ಎಣ್ಣೆ ಮೇಲೆ ಮೇಲೆ ನಿಂತು, ಮೆಂತ್ಯ ಒಳಗೇ ಒಣಗಿ, ಅಡಿಕೆ ಹೋಗಿ ನಿಂಬೆಕಾಯಿಯಾಯಿತು. "ದೇವಿ ಖರೇನ ಬಂದಾಳೇನಬೇ ಅವ್ವಾ?" ಎಂದು ಕೇಳಿದೆ. "ಬಾಯಿ ಮುಚ್ಚು" ಎಂದಳು. ಸೋಮವಾರ ಮಧ್ಯಾಹ್ನ ನನ್ನ ಹಿಂಗತ್ತಿನ ಮೇಲೆ ಒಂದು ಬಿಸಿ ಹನಿ ಬಿತ್ತು. ಎಣ್ಣೆ ಅಂದುಕೊಂಡೆ. ಆದರೆ ಎಣ್ಣೆ ತಣ್ಣಗಿತ್ತು.

ಮಂಗಳವಾರ ಹುಲಿಗೆವ್ವ ಬಂದಳು. ಆಯಿ ನನ್ನ ರಟ್ಟೆ ಹಿಡಿದು ಕಟ್ಟೆಗೆ ಕರೆತಂದು ಕೂಡಿಸಿ, "ನೋಡವ್ವಾ, ತಾಯಿ ಬಂದಾಳೇನು ಹೇಳು" ಎಂದಳು. ಅವ್ವ ಜೋಳದ ಮೊರ ಹಿಡಿದು ಹೊಸ್ತಿಲಲ್ಲೇ ನಿಂತಳು. ಹುಲಿಗೆವ್ವ ಬುಟ್ಟಿ ಇಳಿಸಿ ನನ್ನ ಹಿಂದೆ ಕೂತು ಗಂಟನ್ನು ಒತ್ತಿದಳು, ಹೊರಳಿಸಿದಳು. ಆಮೇಲೆ ತನ್ನ ಬೆರಳನ್ನು ಮೂಗಿಗೆ ಹಿಡಿದಳು. ಸತ್ತೆವು ಅಂದುಕೊಂಡೆ. ಅವಳು ತಲೆಯೆತ್ತಿ ಅವ್ವನ ಮುಖ ನೋಡಿದಳು.

"ಇದು ತಾಯಿ ಜಡಿ ಅಲ್ಲ ಆಯಿ. ಜ್ವರದ ಗಂಟು" ಎಂದಳು.

"ಖರೆ ಅಂತೀಯೇನು? ನಾ ಮಾತು ಕೊಟ್ಟೀನವ್ವಾ ತಾಯಿಗೆ."

"ಹಗಲೆಲ್ಲ ಆಕಿನ್ನ ಹೊತ್ತು ತಿರಗಾಕಿ ನಾನು. ನನಗ ಗೊತ್ತಾಗೂದಿಲ್ಲೇನು? ಉಡಿ ತುಂಬು, ಹಣ್ಣು ಕಾಯಿ ಒಪ್ಪಿಸು. ಆಕಿಗೆ ಮುಟ್ಟತೈತಿ. ಕೂಸನ್ನ ಬೇಡಿಲ್ಲ ಆಕಿ."

ಆಯಿ ಕಟ್ಟೆಯ ಮೇಲೆ ಕುಸಿದು ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಷ್ಟು ದಿನ ಅವಳೂ ಅಳು ನುಂಗಿಕೊಂಡಿದ್ದಳೆಂದು ನನಗೆ ಆಗ ತಿಳಿಯಿತು.

ಅವ್ವ ಜೋಳ ಸುರಿಯಲು ಬಗ್ಗಿದಾಗ ಹುಲಿಗೆವ್ವ ದನಿ ತಗ್ಗಿಸಿದಳು. "ತಣ್ಣಂದು ಹಚ್ಚಿದರ ಒಳಗ ಇಳಿಯೂದಿಲ್ಲವ್ವಾ. ಔಡಲೆಣ್ಣಿ ಬೆಚ್ಚಗ ಮಾಡಿ ಹಚ್ಚು. ಹಣಗಿ ಬ್ಯಾಡ, ಬೆರಳಿಲೆ ತುದಿಯಿಂದ ಬಿಡಿಸಿಕೋತ ಬಾ." ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. "ನಮ್ಮವ್ವ ನನ್ನ ತಲಿ ಮುಟ್ಟಾಕ ಅಂಜಿದ್ಲು."

ಅವತ್ತು ಒಲೆಯ ಮುಂದೆ ಕೂತು ಎಣ್ಣೆ ಕಾಸಿದವಳು ಆಯಿಯೇ. ಎರಡು ಮೂರು ದಿನಕ್ಕೆ ಗಂಟು ಎಳೆ ಎಳೆಯಾಗಿ ಸಡಿಲಿತು. ಮುಂದೆ ನನಗೆ ಮದುವೆಯಾಯಿತು, ಮಕ್ಕಳಾದವು, ಹಾಡಿ ಹೊಗಳುವಂಥದ್ದೇನಲ್ಲ, ಎಲ್ಲರಂತೆ. ಆದರೆ ಇನ್ನೊಂದು ಮಂಗಳವಾರದ ನೆನಪೂ ಇದೆ. ಅವ್ವ ಹುಲಿಗೆವ್ವನನ್ನು ತಡೆದು, "ಕುಂದ್ರವ್ವಾ, ಎಣ್ಣಿ ಕಾಸೀನಿ. ನಿನಗೂ ಹಚ್ಚತೀನಿ" ಅಂದಳು. ಹುಲಿಗೆವ್ವ ನಕ್ಕಳು. "ನಂದು ಬಿಚ್ಚಿದರ ನನಗ ಜ್ವಾಳ ಯಾರ ಹಾಕ್ತಾರವ್ವಾ?" ಎಂದು ಮುಂದಿನ ಮನೆಗೆ ನಡೆದಳು. ಆ ನಗುವನ್ನು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಮೆಂತ್ಯದ ವಾಸನೆಗೆ ಕೈ ಹಿಂಗತ್ತಿಗೆ ಹೋಗುವುದು ನನ್ನ ಗಂಟಿಗಾಗಿ ಮಾತ್ರವಲ್ಲ.

ಇಷ್ಟು ನಿಮಗೆ ಹೇಳಿದ ಮೇಲೆ ಸುಮ್ಮನೆ ಕೂಡಲಾಗಲಿಲ್ಲ. ಒಲೆಯ ಮೇಲೆ ಔಡಲೆಣ್ಣೆ ಇಟ್ಟು ಮೊಮ್ಮಗಳನ್ನು ಕೂಗಿದೆ. "ಕೈ ನೋವು ಹೋತೇನು?" ಎಂದು ಅಣಕಿಸುತ್ತ ಬಂದು ನನಗೆ ಬೆನ್ನು ಮಾಡಿ ಕೂತಳು. ಬೆಚ್ಚಗಿನ ಎಣ್ಣೆಯನ್ನು ಬೆರಳಲ್ಲಿ ಇಳಿಸುತ್ತ ಹೋದಂತೆ ಹಿಂಗತ್ತಿನ ಮೇಲೆ ಸಣ್ಣದೊಂದು ಗಂಟು ತಾಗಿತು. ನನ್ನ ಕೈ ನಿಂತುಬಿಟ್ಟಿತು.

"ಗಂಟೇನಜ್ಜಿ? ಕತ್ತರಿ ಹಾಕಿ ಒಗದಬಿಡು ಅತ್ತಾಗ" ಎಂದಳು ಅವಳು, ಉಗುರು ಕತ್ತರಿಸು ಎಂದಷ್ಟು ಹಗುರವಾಗಿ.

"ಬ್ಯಾಡ ತಡಿ. ಇದನ್ನ ಬಿಡಸಾಕ ನನಗ ಬರ್ತೈತಿ" ಎಂದು ತುದಿಯಿಂದ ಶುರುಮಾಡಿದೆ.

"ಅಯ್ಯ, ಒಂದು ಹನಿ ಬಿತ್ತು ನೋಡು. ಎಣ್ಣಿ ಬಿಸಿ ಐತಿ ಅಜ್ಜಿ."

"ಬಿಸೀನ ಇರಬೇಕವ್ವಾ" ಎಂದೆ.