ಅಳುವ ದೃಶ್ಯಕ್ಕೆ ದನಿ ತಗ್ಗಿಸುವ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಖಾಲಿ ಚಿತ್ರಮಂದಿರದೊಳಗೆ ಪಿಟೀಲಿನ ದನಿ ಅಲೆಯುತ್ತಿದೆ. ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ನರೆತ ತಲೆಯೊಂದು ಇಣುಕುತ್ತದೆ. ಕೆಳಗೆ ಕುರ್ಚಿಗಳ ನಡುವೆ ಪೊರಕೆ ಹಿಡಿದು ನಿಂತ ಹೆಂಗಸು ಕಿವಿಗೊಟ್ಟು ಕೇಳಿ ಕೂಗುತ್ತಾರೆ: "ಇನ್ನೊಂಚೂರು ಇಳಿಸ್ರೀ... ಹ್ಞಾಂ, ಸಾಕು. ಇಷ್ಟಿರಲಿ!"

ಮೇಲಿರುವವರು ಊರಿಗೆಲ್ಲ ಆಪರೇಟರಣ್ಣ. ಗುಡಿಸುತ್ತಿರುವವರು ಅವರ ಹೆಂಡತಿ. ಮೂವತ್ತು ವರ್ಷಗಳಿಂದ ಇವರ ಬೆಳಗು ಹೀಗೇ. ದಿನಕ್ಕೆ ನಾಲ್ಕು ಆಟ, ನಾಲ್ಕರಲ್ಲೂ ಅಣ್ಣನ ಬಲಗೈ ವಾಲ್ಯೂಮ್ ಗುಂಡಿಯ ಮೇಲೆ. ಹೊಡೆದಾಟಕ್ಕೆ ತುಸು ಏರಿಕೆ. ತಾಯಿ ಮಗುವನ್ನು ಬಿಟ್ಟು ಹೊರಟಾಗ ಇಳಿಕೆ, ಪಕ್ಕದವರು ಮೂಗೊರೆಸಿಕೊಳ್ಳುವುದೂ ಕೇಳುವಷ್ಟು. ಚಿಕ್ಕಂದಿನಲ್ಲಿ ಇದೇ ಹಾಲ್‌ನಲ್ಲಿ ಅಮ್ಮನ ಸೆರಗಿಗೆ ಮುಖ ಒತ್ತಿ ಅತ್ತವಳು ನಾನು. ಅಳಿಸಿದ ಕೈ ಯಾವುದೆಂದು ಈಗ ಕಾಣುತ್ತಿದ್ದೇನೆ.

"ಮೊದಲ ವಾರಾನೇ ಮರ್ಯಾದೆ ಹೋಗಿತ್ತು" ಎಂದು ಅಣ್ಣ ನಗುತ್ತಾರೆ. ಬೆಳಿಗ್ಗೆ ಖಾಲಿ ಹಾಲ್‌ನಲ್ಲಿ ಹದ ನೋಡಿ, ಸಂಜೆಯ ಆಟಕ್ಕೂ ಗುಂಡಿಯನ್ನು ಅಲ್ಲೇ ಬಿಟ್ಟಿದ್ದರಂತೆ. "ಜನ ತುಂಬಿದ್ರೆ ಅವರ ಮೈ, ಬಟ್ಟೆ ಎಲ್ಲ ದನಿ ಕುಡಿದುಬಿಡುತ್ತೆ. ನಂಗೇನ್ ಗೊತ್ತು? ತೆರೆ ಮೇಲೆ ತಾಯಿ ಸಾಯ್ತಿದಾಳೆ, ಪಿಟೀಲೇ ಕೇಳಿಸ್ತಿಲ್ಲ. ಮುಂದಿನ ಸಾಲಲ್ಲಿ ಯಾವನೋ 'ಬೇಗ ಸಾಯಮ್ಮಾ, ಬಸ್ಸು ಹೋಗುತ್ತೆ' ಅಂದ. ಹಾಲೆಲ್ಲ ನಕ್ಕುಬಿಡ್ತು!"

ಆಮೇಲೆ ಮದುವೆಯಾದಂದಿನಿಂದ ಹೆಂಡತಿಯೇ ಅವರ ಕಿವಿ. ಹಾಲ್ ತುಂಬಿದಾಗ ಪಕ್ಕದ ಬಾಗಿಲ ಬಳಿ ನಿಲ್ಲುತ್ತಾರೆ. ಅವರ ಬಿಳಿ ಕರವಸ್ತ್ರ ಮೇಲೆದ್ದರೆ ದನಿ ಏರಬೇಕು, ಕೆಳಗಾದರೆ ಇಳಿಯಬೇಕು.

"ಸಿನಿಮಾ ಹಾಲ್‌ನವರು ಅಂತ ಆಸೆಪಟ್ಟು ಮದುವೆಯಾದೆ ನೋಡಿ. ಪಕ್ಕ ಕೂತು ಒಂದು ಸಿನಿಮಾನೂ ನೋಡಿಲ್ಲ" ಎಂದು ಆಕೆ ನನ್ನೆದುರೇ ಗಂಡನನ್ನು ಕುಟುಕುತ್ತಾರೆ.

ಇವತ್ತು ನೋಡಲಿದ್ದಾರೆ. ದನಿಯನ್ನು ತಾನೇ ಸರಿಹೊಂದಿಸಿಕೊಳ್ಳುವ ಹೊಸ ಯಂತ್ರ ಬಂದಿದೆ. ಅದರ ಪರೀಕ್ಷೆಗೆ ಮಾಲೀಕರು ಇಬ್ಬರನ್ನೂ ನಡುಸಾಲಿನಲ್ಲಿ ಕೂರಿಸುತ್ತಾರೆ. "ಅಣ್ಣ, ಇದು ಸರಿಯಿದ್ರೆ ಇನ್ನು ನೀವು ಮನೇಲಿ ಆರಾಮಾಗಿರಬಹುದು."

ಆ 'ಆರಾಮ' ಅಣ್ಣನಿಗೆ ಒಗ್ಗುವುದಿಲ್ಲ. "ಯಂತ್ರ ಇರ್ಲಿ ಸ್ವಾಮಿ. ಹಾಲ್ ತುಂಬಿದ ದಿನ ಮಾತ್ರ ಆ ಗುಂಡಿ ಹತ್ರ ನನ್ನ ಬಿಡಿ. ಯಂತ್ರಕ್ಕೆ ದನಿ ಗೊತ್ತು, ಮುಂದಿನ ಸಾಲು ಗೊತ್ತಿಲ್ಲ."

"ನೋಡೋಣ" ಎನ್ನುತ್ತಾರೆ ಮಾಲೀಕರು. ದೀಪ ಆರುತ್ತದೆ.

ತೆರೆಯ ಮೇಲೆ ತಾಯಿ ಹೊಸಿಲು ದಾಟುತ್ತಾಳೆ. ಪಿಟೀಲು ಬರುತ್ತದೆ, ಏರದೆ, ಇಳಿಯದೆ. ಕುರ್ಚಿಯ ಕೈಯ ಮೇಲೆ ಅಣ್ಣನ ಬೆರಳುಗಳು ಏನನ್ನೋ ಹುಡುಕಿ ತಡಕಾಡುತ್ತವೆ. ಹೆಂಡತಿ ತೆರೆಯಿಂದ ಕಣ್ಣು ಕೀಳದೆ ತಮ್ಮ ಮುಂಗೈಯನ್ನು ಅಲ್ಲಿಡುತ್ತಾರೆ. ಅಣ್ಣ ಅವರ ಬಳೆ ಹಿಡಿದು ನಿಧಾನವಾಗಿ, ಕೂದಲೆಳೆಯಷ್ಟು, ತಿರುಗಿಸುತ್ತಾರೆ.

"ಸಾಕು" ಎಂದು ಆಕೆ ಪಿಸುಗುಟ್ಟುತ್ತಾರೆ. "ಇಷ್ಟಿರಲಿ."